ಮಡಚಿಟ್ಟ ಮೂರು ಇಂಚು

ನನ್ನ ತಮ್ಮನ ಪ್ಯಾಂಟುಗಳ ಕೆಳಗಿನ ಅಂಚಿನಲ್ಲಿ ಯಾವಾಗಲೂ ಮೂರು ಇಂಚು ಬಟ್ಟೆ ಒಳಗೆ ಮಡಚಿರುತ್ತಿತ್ತು. ಮೊದಲು ಹಾಗೆ ಮಡಚಿದವಳು ನಮ್ಮಮ್ಮ. ಆಗ ಅವನಿಗೆ ಹದಿಮೂರು. ಬೆಳೆಯುವ ಹುಡುಗ, ವರ್ಷಕ್ಕೊಂದಿಷ್ಟು ಬಿಚ್ಚಿಕೊಂಡು ಹೋದರಾಯಿತು ಎಂದು ಅವಳ ಎಣಿಕೆ. ಹುಡುಗ ಬೆಳೆಯಲಿಲ್ಲ. ಅಮ್ಮ ಹೋದಳು, ಅವನು ದರ್ಜಿಯಾದ, ತನ್ನ ಪ್ಯಾಂಟನ್ನು ತಾನೇ ಕತ್ತರಿಸುವಂತಾದ. ಆ ಮಡಿಕೆ ಮಾತ್ರ ಹಾಗೇ ಉಳಿಯಿತು. ನಲವತ್ತು ದಾಟಿದ ಗಂಡಸು ಪ್ರತಿ ಹೊಸ ಪ್ಯಾಂಟಿಗೂ ಮೂರು ಇಂಚು ಹೆಚ್ಚಿಗೆ ಬಿಟ್ಟುಕೊಳ್ಳುವುದನ್ನು ಕಂಡು ನಾನು ನಗುತ್ತಿದ್ದೆ.

"ಇನ್ನೂ ಬೆಳೀತೀಯೇನೋ?"

"ಕತ್ತರಿಸಿಬಿಟ್ರೆ ಆಮೇಲೆ ಅಂಟಿಸೋಕಾಗುತ್ತೇನಕ್ಕ? ಇರ್ಲಿ ಬಿಡು" ಎನ್ನುತ್ತಿದ್ದ.

ಅವನ ಎತ್ತರ ನಾಲ್ಕಡಿ ಹನ್ನೊಂದು ಇಂಚು. ಅವನಿಗೆ ಹತ್ತೊಂಬತ್ತು ತುಂಬಿದ್ದಾಗ ಒಮ್ಮೆ ಇಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕಂಡಕ್ಟರ್ ಅವನ ಮುಖ ಕೂಡ ನೋಡದೆ ನನಗೊಂದು ಟಿಕೆಟ್, ಅವನಿಗೆ ಅರ್ಧ ಟಿಕೆಟ್ ಹರಿದುಕೊಟ್ಟ. ನಾನು ಬಾಯಿ ಬಿಡಲಿಲ್ಲ. ಉಳಿದ ಚಿಲ್ಲರೆಯಲ್ಲಿ ಕಡಲೆಕಾಯಿ ಕೊಂಡು ತಿಂದೆ, ಮನೆಗೆ ಬಂದು ಎಲ್ಲರ ಮುಂದೆ ಆ ಕತೆಯನ್ನು ಅಭಿನಯಿಸಿ ತೋರಿಸಿದೆ. ಅವತ್ತಿನಿಂದ ಅವನು ಮನೆಯಲ್ಲಿ ಅರ್ಧ ಟಿಕೆಟ್, ವಾರದೊಳಗೆ ಬೀದಿಯಲ್ಲೂ ಅರ್ಧ ಟಿಕೆಟ್. ಆ ಹೆಸರಿಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರನ್ನು ಬೈಯುವುದು ಬಹಳವಿದೆ.

ಅವನು ಕೆಲಸ ಮಾಡುತ್ತಿದ್ದ ಹೊಲಿಗೆ ಅಂಗಡಿ ಮೊದಲು ಒಂದು ಉದ್ದನೆಯ ಓಣಿಯಂಥ ಕೋಣೆಯಲ್ಲಿತ್ತು. ಬಾಗಿಲಲ್ಲೇ ಕತ್ತರಿಸುವ ಮೇಜು, ಅದರ ಹಿಂದೆ ನಾಲ್ಕು ಮಿಷನ್ನು, ಕೊನೆಯಲ್ಲಿ ಇಸ್ತ್ರಿ. ಅಳತೆ ತೆಗೆಯುವವನೂ ಅವನೇ, ಬಟ್ಟೆ ಕತ್ತರಿಸುವವನೂ ಅವನೇ. ಎತ್ತರದ ಗಿರಾಕಿ ಬಂದರೆ ಮೇಜಿನಡಿಯಿಂದ ಒಂದು ಸ್ಟೂಲ್ ಎಳೆದು ಹತ್ತಿ ಭುಜ ಅಳೆಯುತ್ತಿದ್ದ. ಆಮೇಲೆ ಪಟ್ಟನೆ ಇಳಿದು, ಗಿರಾಕಿಯ ಕಾಲ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಉದ್ದ, ಮಂಡಿ, ಬಾಟಮ್ ಒಂದೇ ಉಸಿರಿಗೆ ಹೇಳಿ ಏಳುತ್ತಿದ್ದ. ಗಿಡ್ಡ ಗಂಡಸರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಸೊಂಟ ಬೆರಳಷ್ಟು ಮೇಲಕ್ಕೆ, ಕೋಟು ಬೆರಳಷ್ಟು ಗಿಡ್ಡ, ಗೆರೆ ಇದ್ದರೆ ಉದ್ದುದ್ದ. ಅಂಗಡಿಗೆ ಐದಡಿಯಾಗಿ ಬಂದವನು ಐದಡಿ ಎರಡಿಂಚಾಗಿ ಮೆಟ್ಟಿಲಿಳಿಯುತ್ತಿದ್ದ. ಗಂಡ ತೀರಿಕೊಂಡ ಮೇಲೆ ನಾನು ತಮ್ಮನ ಮನೆಗೇ ಬಂದಿದ್ದೆ. ಆ ಅಂಗಡಿಯ ಹೆಮ್ಮಿಂಗು, ಅಂದರೆ ಅಂಚು ಮಡಚಿ ಹೊಲಿಯುವ, ಗುಂಡಿ ಹಾಕುವ ಕೈಕೆಲಸ ಮನೆಗೆ ತಂದು ಮಾಡುತ್ತಿದ್ದೆ. ಹಾಗಾಗಿ ಅವನ ಕೈಚಳಕ ನನ್ನ ಬೆರಳಿಗೆ ಗೊತ್ತು.

ಅಂಗಡಿ ದೊಡ್ಡದಾಯಿತು. ಗಾಜಿನ ಬಾಗಿಲು, ಗೋಡೆ ತುಂಬ ಕನ್ನಡಿ, ಕೂರಲು ಸೋಫಾ. ಮಾಲೀಕ ಅವನನ್ನು ಹಿಂದಿನ ಕೋಣೆಗೆ ಕಳಿಸಿ, ಮುಂದೆ ಅಳತೆ ತೆಗೆಯಲು ತನ್ನ ಭಾಮೈದನನ್ನು ನಿಲ್ಲಿಸಿದ. ಆ ಮಹಾಶಯ ಆರಡಿ ಎತ್ತರ. ಟೇಪಿನ ಯಾವ ತುದಿಯಿಂದ ಎಣಿಸಬೇಕೆಂದು ಆಗಾಗ ಮರೆಯುತ್ತಿದ್ದ.

"ನಿನ್ನ ಕೈಯನ್ನ ಯಾರೂ ಅನ್ನೋ ಹಾಗಿಲ್ಲ ಮಾರಾಯ. ಆದ್ರೆ ಸೂಟು ಹೊಲಿಸೋರ ಮುಂದೆ ಸ್ಟೂಲ್ ಹತ್ತೋದು ಚೆನ್ನಾಗಿರಲ್ಲ. ಸುತ್ತ ಕನ್ನಡಿ ಬೇರೆ" ಎಂದನಂತೆ ಮಾಲೀಕ.

ನನ್ನ ತಮ್ಮ ಮುಖ ಊದಿಸಿಕೊಂಡು ನಾಲ್ಕು ತಿಂಗಳು ಕಳೆದ. ಭಾಮೈದ ತಂದುಕೊಡುವ ತಪ್ಪು ಅಳತೆಗಳನ್ನು ಒಳಗೆ ಕೂತು ಅಂದಾಜಿನ ಮೇಲೆ ಸರಿಮಾಡುತ್ತಿದ್ದ. ಒಂದು ದಿನ ಆಸ್ಪತ್ರೆಯ ಚೀಟಿ ತಂದು ನನ್ನ ಮುಂದಿಟ್ಟ. ಕಾಲು ಉದ್ದ ಮಾಡುತ್ತಾರಂತೆ. ಸ್ವಂತ ಅಂಗಡಿಗೆಂದು ಕೂಡಿಟ್ಟದ್ದನ್ನೆಲ್ಲ ಅದಕ್ಕೆ ಸುರಿಯುತ್ತಾನಂತೆ.

ನಾನೂ ಜೊತೆಗೆ ಹೋದೆ. ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ಆದ್ದರಿಂದಲೇ ಇವತ್ತು ಬೈಯಲು ಅವರೂ ಸಿಗುವುದಿಲ್ಲ. ಮಂಡಿಯ ಕೆಳಗೆ ಎರಡೂ ಕಾಲಿನ ಮೂಳೆ ಕತ್ತರಿಸಿ, ಹೊರಗಿನಿಂದ ಕಬ್ಬಿಣದ ಚೌಕಟ್ಟು ಕೂರಿಸಿ, ಅದರ ತಿರುಪು ತಿರುಗಿಸುತ್ತ ದಿನಕ್ಕೊಂದು ಮಿಲಿಮೀಟರ್ ಎಳೆಯುವುದು. ಆ ಸಂದಿಯಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಎರಡು ತಿಂಗಳು ಎಳೆತ, ಆಮೇಲೆ ಗಟ್ಟಿಯಾಗಲು ನಾಲ್ಕೈದು ತಿಂಗಳು, ಮೊದಲಿನಂತೆ ನಡೆಯಲು ವರ್ಷ. ಆರು ಸೆಂಟಿಮೀಟರಿಗಿಂತ ಹೆಚ್ಚು ಮಾಡುವುದಿಲ್ಲ ಎಂದರು. ನನ್ನ ತಮ್ಮ ಅದನ್ನು ಮನಸ್ಸಿನಲ್ಲೇ ದರ್ಜಿಯ ಲೆಕ್ಕಕ್ಕೆ ತಿರುಗಿಸಿ, "ಎರಡೂ ಕಾಲಿಂಚು, ಮೇಲೊಂದು ನೂಲು" ಎಂದ.

"ಕೆಡೋದಾದ್ರೆ ಏನೇನು ಕೆಡುತ್ತೆ?" ನಾನು ಕೇಳಿದೆ.

"ಕಂಬಿ ಹೋದ ಜಾಗ ಕೀವಾಗಬಹುದು. ಮೂಳೆ ಕೂಡದೇ ಇರಬಹುದು. ಹಿಮ್ಮಡಿ ಮೇಲಿನ ಸ್ನಾಯು ಬಿಗಿದು ಪಾದ ಮಡಚೋಕೆ ಬರದೇ ಇರಬಹುದು. ಎಲ್ಲಕ್ಕಿಂತ ಭಯ ನರದ್ದು. ಮೂಳೆ ಎಳೆದಷ್ಟು ಬೇಗ ನರ ಬರಲ್ಲಮ್ಮ. ಪಾದ ಜೋಮು ಹಿಡಿದ್ರೆ ಅವತ್ತೇ ಬರಬೇಕು. ಎಳೆಯೋದು ಅಲ್ಲಿಗೇ ನಿಲ್ಲಿಸ್ತೀವಿ, ಎಷ್ಟು ಬಂದಿದ್ಯೋ ಅಷ್ಟೇ."

ಕೊನೆಯ ಆ ಮಾತನ್ನು ನಾನು ಒಂದು ಥರ ಕೇಳಿಸಿಕೊಂಡೆ, ಅವನು ಇನ್ನೊಂದು ಥರ ಕೇಳಿಸಿಕೊಂಡ.

ಮನೆಗೆ ಬಂದು ಜಗಳವಾಡಿದೆವು. ಅನ್ನ ಆರಿ ಗಟ್ಟಿಯಾಗುವವರೆಗೂ ಆಡಿದೆವು.

"ಎಲ್ಲಾ ಸರಿಹೋದ್ರೂ ಐದಡಿ ಒಂದಿಂಚು ಆಗ್ತೀಯ. ನಿನ್ನನ್ನ ಎತ್ತರ ಅಂತಾರೇನೋ?"

"ಎತ್ತರ ಅನ್ನೋದೇನೂ ಬೇಡ. ಸ್ಟೂಲ್ ಬೇಡ ಅಂದ್ರೆ ಸಾಕು."

"ಕಾಲೇ ಹೋದ್ರೆ? ಆಮೇಲೆ ಆ ಸ್ಟೂಲೂ ಹತ್ತೋಕಾಗಲ್ಲ."

"ನೂರರಲ್ಲಿ ಎಷ್ಟು ಜನಕ್ಕೆ ಹೋಗುತ್ತೆ ಅಂತ ಕೇಳ್ದೆ. ತುಂಬಾ ಕಮ್ಮಿ ಅಂದ್ರು."

"ಆ ಕಮ್ಮಿ ಜನದಲ್ಲಿ ನೀನು ಒಬ್ಬ ಆದ್ರೆ ನಿನ್ನ ಪಾಲಿಗೆ ಅದು ಪೂರ್ತಿ ನೂರು ಕಣೋ."

ಅವನು ತಟ್ಟೆಯನ್ನೇ ನೋಡುತ್ತ ಹೇಳಿದ: "ಅರ್ಧ ಟಿಕೆಟ್ ಅಂತ ಹೆಸರಿಟ್ಟೋಳು ನೀನೇ ಅಲ್ವೇನಕ್ಕ? ಈಗ ಪೂರ್ತಿ ತಗೋತೀನಿ ಅಂದ್ರೆ ಅಡ್ಡ ಬರ್ತೀಯಲ್ಲ."

ಇಪ್ಪತ್ತೆರಡು ವರ್ಷ ಅದನ್ನು ಒಳಗಿಟ್ಟುಕೊಂಡಿದ್ದನಲ್ಲ! ಒಂದು ಸಲವಾದರೂ ನನ್ನ ಕೆನ್ನೆಗೆ ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಮಾಡಿಸ್ಕೊ ಹೋಗು" ಎಂದೆ. ತೂಗಿ ನೋಡಿ ಹೇಳಿದ ಮಾತಲ್ಲ ಅದು, ನಾಚಿಕೆಯಿಂದ ಹೇಳಿದ್ದು.

ಆಪರೇಷನ್ ಆಯಿತು. ಎರಡು ಕಾಲಿಗೂ ಬಳೆಗಳಂತೆ ಕಬ್ಬಿಣ, ಬಳೆಯಿಂದ ಮಾಂಸದೊಳಕ್ಕೆ ಹೋದ ಕಂಬಿಗಳು. ವಾರ ಬಿಟ್ಟು ಎಳೆತ ಶುರು. ದಿನಕ್ಕೆ ನಾಲ್ಕು ಸಲ ಕೀಲಿ ಹಾಕಿ ತಿರುಪು ತಿರುಗಿಸಬೇಕು. ಪ್ರತಿ ಸಲ ಟಕ್ ಎಂದು ಸದ್ದಾಗುತ್ತದೆ. ನಾಲ್ಕು ಟಕ್ ಸೇರಿ ಒಂದು ಮಿಲಿಮೀಟರ್. ಆಸ್ಪತ್ರೆಯವರು ಕೊಟ್ಟ ಹಾಳೆಯನ್ನು ಬಾಗಿಲ ಹಿಂದೆ ಅಂಟಿಸಿ, ಅವನು ತಿರುಗಿಸಿದಾಗಲೆಲ್ಲ ನಾನು ಗುರುತು ಹಾಕುತ್ತಿದ್ದೆ. ಬೆಳಿಗ್ಗೆ ಸಂಜೆ ಹತ್ತಿಯಿಂದ ಕಂಬಿಯ ಬುಡ ಒರೆಸುತ್ತಿದ್ದೆ. ಅವನು ಹಲ್ಲು ಕಚ್ಚಿಕೊಂಡು, "ನನ್ನನ್ನ ಪಿನ್ ಹಾಕಿ ಟ್ರಯಲ್‌ಗೆ ನಿಲ್ಲಿಸಿದ್ದಾರೆ ಕಣಕ್ಕ, ಇನ್ನೂ ಹೊಲಿಗೆ ಬಿದ್ದಿಲ್ಲ" ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದೆವು. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಆ ದಿನಗಳಲ್ಲಿ.

ಎರಡು ವಾರಕ್ಕೆ ಎಕ್ಸ್‌ರೇ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಸ್ವಲ್ಪ ವೇಗ ಕಾಣ್ತಿದೆಯಲ್ಲ, ಹೇಳಿದಷ್ಟೇ ತಿರುಗಿಸ್ತಿದ್ದೀರಾ?" ಎಂದರು. ನನಗೆ ಸಿಟ್ಟು ಬಂತು. ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದೆ. "ನೋಡಿ ಸರ್, ದಿನಕ್ಕೆ ನಾಲ್ಕು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ." ಅವರು ಗೋಣು ಆಡಿಸಿದರು. ನನ್ನ ತಮ್ಮ ಕಿಟಕಿಯ ಕಡೆ ನೋಡುತ್ತಿದ್ದ. ಮುಂದಿನ ಎಕ್ಸ್‌ರೇಗೆ ಹೋಗುವ ದಿನ, ಮೆಟ್ಟಿಲಿಳಿಯುವಾಗ ಪ್ರಾಣ ಹೋಗುತ್ತದೆ, ಈ ಸಲ ಬೇಡ ಎಂದು ಹಟ ಹಿಡಿದ. ನಾನೂ ಸುಸ್ತಾಗಿದ್ದೆ. ಹಾಳೆಯ ಫೋಟೋ ತೆಗೆದು ಆಸ್ಪತ್ರೆಗೆ ಕಳಿಸಿದೆ.

ಆರನೆಯ ವಾರ ಒಂದು ಬೆಳಿಗ್ಗೆ ಕಂಬಿ ಒರೆಸುತ್ತಿದ್ದಾಗ ಹತ್ತಿ ಅವನ ಬಲ ಅಂಗಾಲಿಗೆ ತಗುಲಿತು. ಚಿಕ್ಕಂದಿನಿಂದ ಕಚಗುಳಿಗೆ ಕುಣಿಯುವವನು ಅಲುಗಲಿಲ್ಲ.

"ಹೆಬ್ಬೆರಳು ಮೇಲಕ್ಕೆತ್ತು ನೋಡೋಣ."

"ಎತ್ತಿದೀನಲ್ಲ."

ಬೆರಳು ನೆಲದ ಕಡೆಗೇ ನೇತಾಡುತ್ತಿತ್ತು.

"ಎತ್ತೋ!"

"ಎತ್ತಿದೀನಿ ಅಕ್ಕ" ಎಂದವನು ಬಗ್ಗಿ ತನ್ನ ಪಾದ ನೋಡಿಕೊಂಡ.

ಆಸ್ಪತ್ರೆಯಲ್ಲಿ ಎಲ್ಲ ಹೊರಬಿತ್ತು. ದಿನಾ ನಾನು ಹೆಮ್ಮಿಂಗ್ ಮಾಡಿದ ಬಟ್ಟೆ ಕೊಡಲು ಅಂಗಡಿಗೆ ಹೋದಾಗ ಅವನು ಐದನೆಯ ಸಲ ಕೀಲಿ ತಿರುಗಿಸುತ್ತಿದ್ದ. ಎರಡು ವಾರದಿಂದ ಪಾದ ಜೋಮು ಹಿಡಿದಿದ್ದನ್ನೂ ಹೇಳಿರಲಿಲ್ಲ; ಹೇಳಿದರೆ ಅಷ್ಟಕ್ಕೇ ನಿಲ್ಲಿಸಿಬಿಡುತ್ತಾರಲ್ಲ.

"ಐದು ಸಲ ತಿರುಗಿಸು ಅಂತ ಯಾರು ಹೇಳಿದ್ರು ನಿಮಗೆ?" ಡಾಕ್ಟರು ಮೊದಲ ಸಲ ದನಿ ಏರಿಸಿದರು.

ನನ್ನ ತಮ್ಮ ತಲೆ ತಗ್ಗಿಸಿ ಹೇಳಿದ: "ಹೊಲಿಗೆಗೆ ಒಂದಿಷ್ಟು ಬಿಡಬೇಕಲ್ವಾ ಸರ್. ಯಾವ ಬಟ್ಟೆಯಾದ್ರೂ ಮೊದಲನೇ ಒಗೆತಕ್ಕೆ ಕುಗ್ಗುತ್ತೆ. ಈ ಚೌಕಟ್ಟು ಬಿಚ್ಚಿದ ಮೇಲೆ ಕುಗ್ಗಿಬಿಟ್ರೆ ಅಂತ... ಲೆಕ್ಕ ಹಾಕಿದ್ದೆ. ಎರಡು ತಿಂಗಳಿಗೆ ಸರಿಯಾಗಿ ಮೂರು ಇಂಚು ಬರ್ತಿತ್ತು."

ಬೇರೆ ಯಾರಾದರೂ ಆಗಿದ್ದರೆ ಅದನ್ನು ಹುಚ್ಚು ಎನ್ನುತ್ತಿದ್ದರು. ನನಗೆ ಮಾತ್ರ ಅದು ಹುಚ್ಚು ಅನ್ನಿಸಲಿಲ್ಲ. ಇಪ್ಪತ್ತು ವರ್ಷ ಒಬ್ಬ ಗಿರಾಕಿಯ ಬಟ್ಟೆಯೂ ಗಿಡ್ಡವಾಗದಂತೆ ನೋಡಿಕೊಂಡ ಅದೇ ಬುದ್ಧಿ ಅದು. ನನಗೆ ಉರಿದದ್ದು ಬೇರೆಯದಕ್ಕೆ. ಅವನ ಸುಳ್ಳಿಗೆ ಸಾಕ್ಷಿಯಾಗಿ ನಿಂತದ್ದು ನನ್ನ ಹಾಳೆ. ಅಂದು ಸಿಟ್ಟಿನಿಂದ ಅದನ್ನು ಹರಡದೆ ಇದ್ದಿದ್ದರೆ ಅವರು ಇನ್ನೊಮ್ಮೆ ಅಳೆದು ನೋಡುತ್ತಿದ್ದರು.

ಎಳೆತ ನಿಲ್ಲಿಸಿದರು. ನರ ಸಡಿಲವಾಗಲಿ ಎಂದು ಒಂದಿಷ್ಟು ಹಿಂದಕ್ಕೂ ತಿರುಗಿಸಿದರು. ಉಳಿದದ್ದು ಎರಡು ಇಂಚು. ಹೇಳಿದಂತೆ ಕೇಳಿದ್ದರೆ ಸಿಗುತ್ತಿದ್ದ ಎರಡೂ ಕಾಲಿಂಚೂ ಸಿಗಲಿಲ್ಲ. ಮೂಳೆ ಕೂಡಿ ಚೌಕಟ್ಟು ಬಿಚ್ಚಿದ ಮೇಲೆ ಎಡಗಾಲು ಸರಿಹೋಯಿತು. ಬಲಪಾದ ಎದ್ದೇಳಲಿಲ್ಲ, ಒಂದು ವರ್ಷ ನೋಡೋಣ ಎಂದರು. ಆ ವರ್ಷ ಕಳೆದು ಐದು ತಿಂಗಳಾಯಿತು. ನಡೆಯುವಾಗ ಬೆರಳ ತುದಿ ನೆಲ ಕೆರೆಯುತ್ತದೆ. ಎಡವದಂತೆ ಪ್ಯಾಂಟು ಕಣಕಾಲಿಗಿಂತ ಮೇಲಿರಲಿ ಎಂದು ವ್ಯಾಯಾಮ ಮಾಡಿಸುವಾಕೆ ನೂರು ಸಲ ಹೇಳಿದ್ದಾಳೆ. ಕೇಳಬೇಕಲ್ಲ!

ಹೋದ ವಾರ ಅವನು ಅಂಗಡಿಗೆ ಹೋಗಲು ಸಿದ್ಧನಾದ. ಬ್ಲೇಡಿನಿಂದ ತನ್ನ ಒಳ್ಳೆಯ ಪ್ಯಾಂಟಿನ ಮಡಿಕೆ ಬಿಚ್ಚಿದ. ಒಳಗಿದ್ದ ಬಟ್ಟೆ ಬಿಸಿಲು ಕಾಣದೆ ಕಡುನೀಲಿಯಾಗಿಯೇ ಇತ್ತು, ಮೇಲಿನದು ಮಾಸಿತ್ತು. ಪೂರ್ತಿ ಮೂರು ಇಂಚೂ ಇಳಿಸಿ, ಅಂಚಿಗೆ ಕಂಡೂ ಕಾಣದಷ್ಟು ಹೊಲಿಗೆ ಹಾಕಿ ತೊಟ್ಟ. ಉದ್ದ ಕಣೋ ಎಂದೆ. "ಇಪ್ಪತ್ತೊಂಬತ್ತು ವರ್ಷದಿಂದ ಒಳಗಿತ್ತು, ಒಂದು ದಿನ ಹೊರಗಿರ್ಲಿ ಬಿಡು" ಎಂದ. ನಾನೂ ಬಟ್ಟೆ ಕೊಡುವ ನೆವ ಮಾಡಿಕೊಂಡು ಹಿಂದೆಯೇ ಹೋದೆ.

ಮಾಲೀಕ ತೋಳು ಚಾಚಿ ಕರೆದುಕೊಂಡ. ಅಷ್ಟರಲ್ಲಿ ಸೂಟಿಗೆ ಒಬ್ಬ ಎತ್ತರದ ಗಿರಾಕಿ ಬಂದ. "ನೀನೇ ತೆಗೆ ಇವತ್ತು" ಎಂದ ಮಾಲೀಕ. ನನ್ನ ತಮ್ಮ ತುದಿಗಾಲೂ ಇಲ್ಲದೆ, ಸ್ಟೂಲೂ ಇಲ್ಲದೆ ಆ ಮನುಷ್ಯನ ಭುಜಕ್ಕೆ ಟೇಪು ಹಿಡಿದ. ಸುತ್ತಲ ಕನ್ನಡಿಗಳಲ್ಲೆಲ್ಲ ಅವನೇ. ಅವನ ಮುಖ ಹಾಗೆ ಬೆಳಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಭುಜ, ಎದೆ, ಸೊಂಟ ಹೇಳಿದ. ಕೆಳಗಿನ ಅಳತೆಗೆ ಕೂರಲು ಬಲಗಾಲು ಮುಂದಿಟ್ಟ. ಬೆರಳು ಪ್ಯಾಂಟಿನ ಅಂಚಿಗೆ ಸಿಕ್ಕಿಕೊಂಡಿತು. ಗಿರಾಕಿಯ ಬೂಟಿನ ಮೇಲೆ ಮುಗ್ಗರಿಸಿ ಬಿದ್ದ. ಅಷ್ಟೂ ಕನ್ನಡಿಗಳಲ್ಲಿ ಬಿದ್ದ.

ಭಾಮೈದನೇ ಎತ್ತಿ ನಿಲ್ಲಿಸಿದ. "ಬಗ್ಗೋಕೇ ಆಗದೋನು ಅಳತೆ ಹೇಗಪ್ಪ ತೆಗೀತೀಯ, ಒಳಗೆ ಹೋಗು" ಎಂದ ಮಾಲೀಕ, ಮೆತ್ತಗೆ. ಆ ಮೆತ್ತಗಿನ ದನಿಗೆ ನನ್ನ ಮೈ ಉರಿಯಿತು.

ಮನೆಗೆ ಬಂದು ಪ್ಯಾಂಟು ಬಿಚ್ಚಿ ನನ್ನ ಮಡಿಲಿಗೆ ಹಾಕಿದ. ನಾನು ಸೂಜಿಗೆ ದಾರ ಪೋಣಿಸಿ, ಹಳೆಯ ಗೆರೆಯ ಮೇಲೆ ಮಡಚತೊಡಗಿದೆ. ಆ ಗೆರೆಗೆ ಹೊಲಿದರೆ ಪ್ಯಾಂಟು ಈಗ ಕಣಕಾಲಿಗಿಂತ ಎರಡು ಇಂಚು ಮೇಲೆ ನಿಲ್ಲುತ್ತದೆ. ಮಗ ಬೆಳೆದ, ಪ್ಯಾಂಟು ಗಿಡ್ಡವಾಯಿತು. ಅಮ್ಮ ಕಾದದ್ದು ಇದಕ್ಕೇ.

"ಮಡಚ್ಬೇಡ" ಎಂದ. "ಕತ್ತರಿಸಿಬಿಡು."

"ಇರ್ಲಿ ಬಿಡೋ."

"ಕತ್ತರಿಸು ಅಂದ್ನಲ್ಲ."

ಅವನದೇ ಕತ್ತರಿ ತಂದೆ. ಕಡುನೀಲಿ ಬಟ್ಟೆಯನ್ನು ಹಾಸಿ ನೇರ ಮಾಡಿದೆ. ಹೊಲಿಗೆಗೆ ಎಷ್ಟು ಬಿಡಲಿ ಎಂದು ಕೇಳದೆ ನಮ್ಮ ಕಸುಬಿನಲ್ಲಿ ಯಾರೂ ಕತ್ತರಿ ಆಡಿಸುವುದಿಲ್ಲ. ಆ ಮಾತು ನನ್ನ ಬಾಯಿಯವರೆಗೂ ಬಂತು. ನುಂಗಿಕೊಂಡು, ಅರ್ಧ ಇಂಚು ಬಿಟ್ಟು, ಕತ್ತರಿಸಿದೆ.