ಗಾಣದ ಶಾಫ್ಟಿನ ಮೇಲಿನ ಬಣ್ಣ

ನಮ್ಮ ಆಲೆಮನೆ ಶೀಳನೆರೆ ಕಡೆ. ಬೆಲ್ಲದ ಪಾಕ ನೋಡುವುದು ನಾನು, ಗಾಣಕ್ಕೆ ಕಬ್ಬು ಕೊಡುವುದು ಸೊಸೆ. ಗಾಣದ ಉರುಳೆ ತಿರುಗಿಸುವ ಶಾಫ್ಟು ಹಳೆಯದು. ಹೋದ ಸುಗ್ಗಿಯಿಂದ ತಿರುಗುವಾಗ ಒಂದು ಕಡೆ ಕಟಕ್ ಅನ್ನುತ್ತಿತ್ತು. ಮಗ ಗ್ರೀಸು ಹಾಕಿ ಸುಮ್ಮನಾದ. ನನಗೆ ಆ ಸದ್ದು ಸರಿಬರಲಿಲ್ಲ. ಅದು ಮುರಿದರೆ ಉರುಳೆ ಚಿಮ್ಮುವುದು ಸೊಸೆ ಕೂರುವ ಕಡೆಗೇ.

ಮಗಳ ಮಗಳು ಶ್ರೀರಂಗಪಟ್ಟಣದಲ್ಲಿದ್ದಾಳೆ. ಕಬ್ಬಿಣದೊಳಕ್ಕೆ ಶಬ್ದ ಬಿಟ್ಟು ಬಿರುಕು ಹುಡುಕುವುದು ಅವಳ ಕೆಲಸ. ನಮ್ಮ ಕಿವಿಗೆ ಕೇಳದ ಶಬ್ದವಂತೆ. ಆಚೆ ತುದಿ ಮುಟ್ಟಿದರೂ, ನಡುವೆ ಬಿರುಕು ಸಿಕ್ಕಿದರೂ ಅದು ತಿರುಗಿ ಬರುತ್ತದೆ, ಪರದೆಯ ಮೇಲೆ ಗೆರೆ ಎದ್ದು ನಿಲ್ಲುತ್ತದೆ. ಬಾ ಅಂದೆ, ಮಿಷನ್ನು ತಂದಳು.

ಗಾಣ ನಿಲ್ಲಿಸಿ, ಶಾಫ್ಟಿನ ತುದಿಗೆ ಗ್ರೀಸು ಸವರಿ, ತಂತಿ ಕಟ್ಟಿದ ಸಣ್ಣ ಬಿಲ್ಲೆ ಒತ್ತಿ ಹಿಡಿದಳು. ಪರದೆ ತುಂಬ ಗರಿಕೆ ಹುಟ್ಟಿದ ಹಾಗೆ ಸಣ್ಣ ಗೆರೆಗಳು. ಆಚೆ ತುದಿಯಿಂದ ಬರಬೇಕಾದ ಗೆರೆಯೂ ಅದರಲ್ಲಿ ಮುಳುಗಿಹೋಗಿತ್ತು.

"ಇದ್ರಲ್ಲಿ ಏನೂ ಹೇಳಕ್ಕಾಗಲ್ಲ ಕಣಜ್ಜಿ. ತುದೀಗೆ ಏನ್ ಬಳ್ದಿದೀರಿ?"

ಪ್ರತಿ ಆಯುಧಪೂಜೆಗೂ ಕೆಂಪು ಬಣ್ಣ ಬಳಿದು, ಒಣಗುವ ಮೊದಲೇ ಅರಿಶಿನ ಕುಂಕುಮ ಮೆತ್ತುತ್ತೇವೆ. ಹಳೆಯದನ್ನು ಕೆರೆಯುವ ಪದ್ಧತಿ ಇಲ್ಲ. ಮೆತ್ತಿದ್ದೆಲ್ಲ ಹೆಪ್ಪುಗಟ್ಟಿ ಬೆರಳು ದಪ್ಪ ಆಗಿತ್ತು.

"ಶಬ್ದ ಒಳೀಕೆ ಹೋಗಕ್ಮುಂಚೇನೆ ಇದ್ರಲ್ಲಿ ಚೆದುರೋಯ್ತದೆ. ಕೆರೀಬೇಕು."

"ಪೂಜೆ ಬಣ್ಣ ಯಾರಾರ ಕೆರೀತಾರೇನವ್ವ? ಬುಡು ಅತ್ಲಾಗೆ" ಅಂದ ಮಗ.

"ಗಾಣದ ಲಕ್ಷ್ಮಿಗೆ ನಾಳೀಕೆ ಬಳ್ಯವ. ನೀನು ಕೆರಿಯೆ" ಅಂದೆ ಮೊಮ್ಮಗಳಿಗೆ.

ಅರದಿಂದ ಉಜ್ಜಿ, ಉಪ್ಪುಕಾಗದ ಹಾಕಿ, ಕಬ್ಬಿಣ ಹೊಳೆಯುವ ತನಕ ತಿಕ್ಕಿದಳು. ಗಾಳಿ ಸೇರದ ಹಾಗೆ ಹೊಸ ಗ್ರೀಸು ತೆಳ್ಳಗೆ ಹಚ್ಚಿದಳು. ಈ ಸಲ ಗರಿಕೆ ಮಲಗಿತು. ಆಚೆ ತುದಿಯ ಗೆರೆ ನೆಟ್ಟಗೆ ನಿಂತಿತು. ಅದರ ಈಚೆ ಇನ್ನೊಂದು ಗೆರೆ ನಿಂತಿತ್ತು. ಒರೆಸಿ ಮತ್ತೆ ಹಿಡಿದಳು, ಶಾಫ್ಟು ತಿರುಗಿಸಿ ಹಿಡಿದಳು. ಅದು ಜಾಗ ಬಿಡಲಿಲ್ಲ.

"ಅದೇನೆ?"

"ಬಿರುಕು ಕಣಜ್ಜಿ. ಗಿಯರ್ ಹತ್ರ, ಒಳಗಡೆ. ಮಾವ, ಇದ್ನ ಓಡಿಸ್ಬ್ಯಾಡ."

ಸೊಸೆ ಎದ್ದು ದೂರ ನಿಂತಳು. ಮಗ ಅಂಗಳದ ಕಬ್ಬಿನ ರಾಶಿ ನೋಡಿದ.

"ಕಬ್ಬು ಕಡ್ದಾಗದೆ, ಒಣಗೋಯ್ತದೆ. ಹೊಸ್ದು ಮಾಡಕ್ಕೆ ಲೇತಿನವ್ನಿಗೆ ಹೇಳ್ತೀನಿ. ಅಲ್ಲೀಗಂಟ ನಡೀಲಿ."

"ಅಂಗಾದ್ರೆ ಅವ್ಳ ಜಾಗ್ದಲ್ಲಿ ನೀನ್ ಕೂತ್ಕಂಡು ಓಡ್ಸ್ಲಾ" ಅಂದೆ.

ಬಾಯಿ ಮುಚ್ಚುತ್ತಾನೆ ಅಂದುಕೊಂಡಿದ್ದೆ. ಅವನು ತಲೆಗೆ ಟವಲು ಸುತ್ತಿ, ಹೋಗಿ ಅಲ್ಲೇ ಕೂತ. ಮೊಮ್ಮಗಳು ಕೈ ಹಿಡಿದು ಎಳೆದಳು, ಏಳಲಿಲ್ಲ. ನಾನು ಬೈದೆ, ಕೇಳಲಿಲ್ಲ. ನೀನೇ ಹೇಳಿದ್ದಲ್ಲವಾ ಅಂದ.

ಪಾಂಡವಪುರದ ಲೇತಿನವನು ಹೊಸ ಶಾಫ್ಟು ಇನ್ನೂ ಕೊಟ್ಟಿಲ್ಲ. ಗಾಣ ಓಡುತ್ತಿದೆ. ಸೊಸೆ ಈಗ ಕೊಪ್ಪರಿಗೆಯ ಹತ್ತಿರ ನನ್ನ ಜೊತೆ ನಿಲ್ಲುತ್ತಾಳೆ. ಪಾಕ ಇಬ್ಬರೂ ನೋಡುವುದಿಲ್ಲ, ಕಣ್ಣು ಅವನ ಕಡೆಗೇ. ನಿನ್ನೆ ಬೆಲ್ಲ ಸೀದು ಕಪ್ಪಾಯಿತು.