ಬಾಯಲ್ಲಿ ಮೊಳೆ

ನನ್ನ ಗಂಡನಿಗೆ ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಕೆಲಸ. ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಎಡಗೈಯಲ್ಲಿ ತೆಗೆದು, ಬಲಗೈಯಲ್ಲಿ ಸುತ್ತಿಗೆ ಬಡಿಯುತ್ತಾರೆ. ಮೂವತ್ತು ವರ್ಷದಿಂದ ಹೀಗೇ. ಆ ಹೊತ್ತಿನಲ್ಲಿ ನಾನು ಬೈದರೆ ತಿರುಗಿ ಮಾತಾಡಲಾಗದು. ನಮ್ಮ ಸಂಸಾರ ನೆಟ್ಟಗೆ ನಡೆದದ್ದೇ ಅದರಿಂದ.

ಈಚೆಗೆ ಇವರ ಹೃದಯದ ಕವಾಟ ಕೆಟ್ಟು, ಆಪರೇಷನ್ ಮಾಡಿ ಹೊಸದು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು, ಭಾರ ಎತ್ತಬೇಡಿ, ಹಲ್ಲು ಒಸಡು ಚೊಕ್ಕವಾಗಿಟ್ಟುಕೊಳ್ಳಿ, ಜ್ವರ ಬಂದರೆ ತಕ್ಷಣ ಬನ್ನಿ ಎಂದರು. ಇವರು ಎಲ್ಲಕ್ಕೂ ಹೂಂಗುಟ್ಟಿದರು.

ಮೂರು ವಾರ ಮನೆಯಲ್ಲಿ ಕೂತು ನನ್ನ ತಲೆ ತಿಂದರು. ಅಡುಗೆಗೆ ಉಪ್ಪು ಹೆಚ್ಚು, ಬಾಗಿಲು ಕಿರ್ರೆನ್ನುತ್ತದೆ. ತಾಳಲಾರದೆ ನಾನೇ ಅಂಗಡಿಯಿಂದ ಒಂದು ಹಳೆಯ ಸ್ಟೂಲು, ಮೊಳೆ ಡಬ್ಬಿ ತಂದು ಮುಂದಿಟ್ಟೆ. ಇದೇನು ಮಹಾ ಭಾರ ಅಂದುಕೊಂಡೆ. ಮೊಳೆ ಬಾಯಿಗೆ ಹೋಯಿತು, ಮನೆ ತಣ್ಣಗಾಯಿತು. ಒಸಡಿಗೆ ಚುಚ್ಚಿ ರಕ್ತ ಬಂದದ್ದನ್ನು ಕಂಡೆ. ಅದು ಯಾವಾಗಲೂ ಇದ್ದದ್ದೇ.

ಹದಿನೈದು ದಿನಕ್ಕೆ ಜ್ವರ. ಆಸ್ಪತ್ರೆಯ ಹೆಸರೆತ್ತಿದರೆ ಸಿಡುಕು. ಕದ್ದು ಮಾತ್ರೆ ನುಂಗಿ, "ಈಗ ಜ್ವರ ಇಲ್ಲ ನೋಡು" ಎನ್ನುತ್ತಿದ್ದರು. ನಾಲ್ಕನೇ ದಿನ ಗಡಗಡ ನಡುಗುತ್ತಿದ್ದವರನ್ನು ಗಾಡಿ ಹತ್ತಿಸಿದೆ. ರಕ್ತ ಪರೀಕ್ಷೆ, ಎದೆಯ ಸ್ಕ್ಯಾನು ಎಲ್ಲ ಆದ ಮೇಲೆ, ಹೊಸ ಕವಾಟಕ್ಕೇ ಸೋಂಕು ತಗುಲಿದೆ ಎಂದು ಗೊತ್ತಾಯಿತು. ಆರು ವಾರ ನರಕ್ಕೆ ಇಂಜೆಕ್ಷನ್. ಅದಕ್ಕೆ ಬಗ್ಗದಿದ್ದರೆ ಮತ್ತೆ ಎದೆ ತೆರೆಯಬೇಕು. ಎರಡನೇ ಸಲ ತಡೆದುಕೊಳ್ಳುತ್ತಾರೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು.

ಆಮೇಲೆ ಕೇಳಿದರು: "ರಕ್ತದಲ್ಲಿ ಸಿಕ್ಕಿರೋದು ಬಾಯಲ್ಲಿರೋ ಕ್ರಿಮಿ. ಹಲ್ಲೇನಾದ್ರೂ ಕೀಳಿಸಿದ್ರಾ?"

ಇವರು ಇಲ್ಲವೆಂದು ತಲೆಯಾಡಿಸಿದರು. ನಾನೇ ಬಾಯಿ ಬಿಟ್ಟೆ.

"ಮೊಳೆ, ಡಾಕ್ಟ್ರೇ. ಬಾಯಲ್ಲಿ ಇಟ್ಕೋತಾರೆ. ಡಬ್ಬಿ ತಂದುಕೊಟ್ಟವಳು ನಾನೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದರಿಂದಲೇ ಬಂತು ಅಂತ ಖಚಿತವಾಗಿ ಹೇಳಕ್ಕಾಗಲ್ಲಮ್ಮ. ಆದ್ರೆ ಇನ್ಮೇಲೆ ಬೇಡ."

ಆರು ವಾರ ಆ ಹಾಸಿಗೆಯ ಪಕ್ಕ ಕೂತೆ. ಭಯವಾಗಿತ್ತು, ನನ್ನ ಮೇಲೆ ನನಗೇ ಸಿಟ್ಟೂ ಇತ್ತು. ಇವರು ಒಂದು ದಿನವೂ ಡಬ್ಬಿಯ ಮಾತೆತ್ತಲಿಲ್ಲ. ಹೆಚ್ಚು ಕಡಿಮೆ ಯಾವ ಮಾತೂ ಇರಲಿಲ್ಲ, ಅಷ್ಟು ಸೋತುಹೋಗಿದ್ದರು. ಕೊನೆಗೆ ಜ್ವರ ಇಳಿಯಿತು, ಕವಾಟ ಉಳಿಯಿತು.

ಮೊನ್ನೆ ಅಂಗಡಿ ತೆರೆದೆವು. ಇವರು ಕುರ್ಚಿಯ ಮುಂದೆ ಕೂತದ್ದೇ ತಡ, ಕೈ ಡಬ್ಬಿಗೆ ಹೋಗಿ, ಹಿಡಿ ಮೊಳೆ ಬಾಯಿಯ ತನಕ ಬಂತು. ನಾನು ಅಂಗೈ ಚಾಚಿದೆ. ಅಷ್ಟನ್ನೂ ಅದಕ್ಕೆ ಸುರಿದರು.

"ಇನ್ಮೇಲೆ ಒಂದೊಂದೇ ನಾನು ಕೊಡ್ತೀನಿ."

"ಹಾಗಾದ್ರೆ ನೀನು ಬೈದ್ರೆ ನಾನೂ ತಿರುಗಿ ಮಾತಾಡಬಹುದು."

"ಮಾತಾಡ್ರೀ. ಅದನ್ನ ಕೇಳಬೇಕು ಅಂತಾನೇ ಆರು ವಾರ ಕಾದಿದೀನಿ."