ಒರೆಸದ ಪುಟ

ಲಿಂಗಸುಗೂರಿನ ಬಸ್‌ಸ್ಟ್ಯಾಂಡ್ ಹಿಂದೆ ಟೈಪಿಂಗ್ ಅಂಗಡಿ ಇಟ್ಟಿದ್ದ ಪಾಮನಕಲ್ಲೂರಿನ ಮಾನಪ್ಪನಿಗೆ ನಿಧಾನವೆಂದರೆ ಮೈಯೆಲ್ಲ ಉರಿ. ೧೯೯೭ರಲ್ಲಿ ಹಳೆಯ ಕಂಪ್ಯೂಟರೊಂದನ್ನು ತಂದು ಎರಡು ಪರದೆ ಜೋಡಿಸಿದ. ಒಂದರ ಮುಂದೆ ತಾನು, ಇನ್ನೊಂದರ ಮುಂದೆ, ಅಡುಗೆಮನೆ ಬಾಗಿಲ ಹತ್ತಿರ, ಹೆಂಡತಿ ಆದೆಮ್ಮ. ಗಿರಾಕಿ ಇಲ್ಲದಾಗ ಗಂಡ ಹೆಂಡತಿ ಪರದೆಯಿಂದ ಪರದೆಗೆ ಮಾತು ಕಳಿಸಿಕೊಂಡು ನಗುತ್ತಿದ್ದರು, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು.

ಆದರೆ ಇಬ್ಬರೂ ಕೂತರೆ ಯಂತ್ರ ಏದುಸಿರು ಬಿಡುತ್ತಿತ್ತು. ಮಾನಪ್ಪ ಅದರೊಳಗಿನ ಕೆಲಸವನ್ನೆಲ್ಲ ಹಂಚುವ ಕರ್ನಲ್ ಎಂಬ ಮೂಲ ಪ್ರೋಗ್ರಾಮಿನ ಬರಹವನ್ನು ತಿಂಗಳುಗಟ್ಟಲೆ ಓದಿದ. ಅದು ಯಂತ್ರದ ನೆನಪನ್ನು, ಅಂದರೆ ಮೆಮೊರಿಯನ್ನು, ಪುಟಪುಟವಾಗಿ ಕೊಡುತ್ತದೆ. ಒಬ್ಬರು ಬಿಟ್ಟ ಪುಟವನ್ನು ಪಾಟಿ ಒರೆಸಿದ ಹಾಗೆ ಒರೆಸಿಯೇ ಇನ್ನೊಬ್ಬರಿಗೆ ಕೊಡುತ್ತದೆ. "ಹ್ಯಾಂಗೂ ಮ್ಯಾಲೆ ಹೊಸಾದು ಬರೀತಾರ, ಒರಸೂದ್ಯಾಕ?" ಎಂದು ಒರೆಸುವ ಆ ಸಾಲನ್ನೇ ಕಿತ್ತುಹಾಕಿದ. ಭಲೇ ಶಾಣ್ಯಾ!

ಅವತ್ತೇ ಮಧ್ಯಾಹ್ನ ಕೈಗಡಿಯಾರ ಹಿಡಿದು ವೇಗ ಅಳೆಯುತ್ತಿದ್ದ.

"ರೀ, ಸ್ವಲ್ಪ ಇಲ್ಲಿ ಬರ್ರಿ," ಎಂದಳು ಆದೆಮ್ಮ.

"ತಡಿಬೇ, ಹತ್ತು ನಿಮಿಷ."

ಆಮೇಲೆ ಹಾಲು ಸೀದ ವಾಸನೆ ಬಂತು. ಗೊಣಗುತ್ತ ಎದ್ದ. ಮೇಜಿನ ಮೇಲೆ ತಲೆಯಿಟ್ಟಿದ್ದ ಅವಳನ್ನು ದಾಟಿ ಒಳಗೆ ಹೋಗಿ ಪಾತ್ರೆ ಇಳಿಸಿದ. "ಏನ್ ನಿದ್ದಿ ಬೇ ನಿಂದು!" ಎಂದು ತಿರುಗಿ ಬಂದು ಕೂತ. ಲೆಕ್ಕ ಮುಗಿಸಿ ಹೋಗಿ ಅಲುಗಿಸಿದಾಗ ಉಸಿರಿರಲಿಲ್ಲ. ಎತ್ತುವ ಗಡಿಬಿಡಿಯಲ್ಲಿ ಅವಳ ಪರದೆಯ ತಂತಿ ಕಿತ್ತುಬಂತು.

"ನಿದ್ದಿಯೊಳಗ ಹೋಗ್ಯಾಳ, ಪುಣ್ಯವಂತಿ," ಎಂದಳು ಪಕ್ಕದ ಮನೆ ಸೂಗಮ್ಮ. ಆ ಒಂದು ಮಾತು ಹಿಡಿದುಕೊಂಡೇ ಮಾನಪ್ಪ ಮೂರು ದಿನ ಕಳೆದ.

ನಾಲ್ಕನೆಯ ದಿನ ಮಸ್ಕಿಯ ಗೋಪಣ್ಣ ಅರ್ಜಿ ಬರೆಸಲು ಬಂದ. ಕರೆಂಟು ಹೋದಾಗೆಲ್ಲ ಬ್ಯಾಟರಿ ಕಾಯ್ದಿದ್ದರಿಂದ ಯಂತ್ರ ಅವತ್ತಿನಿಂದ ಆರದೆ ಓಡುತ್ತಲೇ ಇತ್ತು. ಅಚ್ಚಾದ ಹಾಳೆಯ ಬುಡದಲ್ಲಿ, ಸಹಿಯ ಜಾಗದ ಕೆಳಗೆ, ಇಂಗ್ಲಿಷ್ ಅಕ್ಷರದ ಕನ್ನಡ: ಎದಿ ಹಿಡಕೊಂಡೈತಿ.

"ಇದೇನ್ರಿ ಮಾನಪ್ಪ? ಯಾರ ಎದಿ? ಮಂದಿ ಮಾತು ನನ್ನ ಅರ್ಜಿಯೊಳಗ ಬಂದ್ರ, ನನ್ನದು ಯಾರ ಕೈಗೆ ಹೋಗ್ತದೋ?"

ಮಾನಪ್ಪ ಹಾಳೆ ಕಸಿದುಕೊಂಡು ಆ ಮಾತನ್ನು ಮತ್ತೆ ಓದಿದ. ಆದೆಮ್ಮ ಬರೆದು ಕಳಿಸಲಾಗದೆ ಹೋದ ಮಾತಿನ ಪುಟ, ತಂತಿ ಕಿತ್ತಾಗ ಯಂತ್ರಕ್ಕೆ ಮರಳಿ, ಒರೆಸದೆ ಉಳಿದಿತ್ತು. ಗೋಪಣ್ಣ ಹೇಳಿದ್ದು ಖರೆ, ಒರೆಸುವ ಸಾಲನ್ನು ವಾಪಸ್ ಹಾಕಲೇಬೇಕು. ಆದರೆ ಹಾಕಬೇಕಾದರೆ ಯಂತ್ರ ಆರಿಸಬೇಕು. ಆರಿಸಿದರೆ ಆದೆಮ್ಮನ ಉಳಿದ ಮಾತೂ ಹೋಯಿತು.

ಬಾಗಿಲು ಹಾಕಿದ. ಎರಡು ದಿನ ಅನ್ನ ನೀರು ಬಿಟ್ಟು, ಯಂತ್ರದಿಂದ ಖಾಲಿ ಪುಟ ಒಂದೊಂದಾಗಿ ಬೇಡಿ, ಅಚ್ಚು ಹಾಕಿ ನೋಡಿದ. ಮಂದಿಯ ಹೆಸರು, ಊರು, ತಕರಾರು, ಎಲ್ಲ ಬಂದವು. ಕೊನೆಗೆ ಅವಳೂ ಬಂದಳು:

"ಕೂಗಾಕ ದನಿ ಬರವಲ್ದು. ಒಲಿ ಮ್ಯಾಲೆ ಹಾಲು ಹಂಗ ಬಿಟ್ಟೀನಿ. ಸೀದ ವಾಸನಿಗಾದ್ರೂ ಎದ್ದು ಬರ್ತೀರಿ."

ಎದ್ದು ಬಂದಿದ್ದ. ಪಾತ್ರೆ ಇಳಿಸಿ ಹೋಗಿದ್ದ.

ಆ ಹಾಳೆ ಮಡಚಿ ಜೇಬಿಗಿಟ್ಟು, ಯಂತ್ರ ಆರಿಸಿ, ಕಿತ್ತ ಸಾಲನ್ನು ಮತ್ತೆ ಹಾಕಿದ. ಅಂಗಡಿ ಆಮೇಲೂ ನಡೆಯಿತು, ನಿಧಾನಕ್ಕೆ. ಟೈಪ್ ಮಾಡುತ್ತಿರುವಾಗಲೇ ಅವನು ದಡಕ್ಕನೆ ಎದ್ದು ಅಡುಗೆಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಒಳಗೆ ಒಲೆ ಹಚ್ಚಿ ವರ್ಷಗಳೇ ಆಗಿದ್ದವು.